ಅಡಿಕೆ ಒಲೆಗೆ ಹೋಗಬೇಕಿದ್ದ ಅಜ್ಜನ ಗಾಡಿಯಿಂದ ಕೊಡತಿ ಮಾಡಿದ್ದು ಹೇಗೆ?

(ಇದು ಈ ವಾರದ ಸಂಚಿಕೆಯ ಪಠ್ಯರೂಪ. ಕೇಳೋದಾದ್ರೆ ಮೇಲಿರುವ ಪ್ಲೇ ಬಟನ್ ಒತ್ತಿ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಕೊಟ್ಟಿದ್ದೇವೆ.)

ಇಯರ್‌ಫೋನ್ ಹಾಕಿದ್ದೀರಾ? ಹಾಗಾದ್ರೆ ಮೊದಲು ಎರಡು ಸದ್ದು ಕೇಳಿ.

ಟಣ್... ಟಣ್... ಟಣ್.

ಈಗ ಇದು. ಟಪ್... ಟಪ್... ಟಪ್.

ಎರಡೂ ಒಂದೇ ಉಳಿ, ಒಂದೇ ಹಲಗೆ, ಹೊಡೆದಿದ್ದೂ ಒಂದೇ ಕೈ. ಮೊದಲನೇ ಸದ್ದು ಕಬ್ಬಿಣದ ಸುತ್ತಿಗೆಯದ್ದು. ಎರಡನೇದು ಕೊಡತಿಯದ್ದು, ಅಂದ್ರೆ ಮರದ ಸುತ್ತಿಗೆ. ಇವತ್ತಿನ ಸಂಚಿಕೆ ಪೂರ್ತಿ ಈ ಎರಡು ಸದ್ದಿನ ನಡುವಿನ ವ್ಯತ್ಯಾಸದ ಬಗ್ಗೆ. ಜೊತೆಗೆ ಹಳೇ ಮರದಿಂದ, ಮನೆ ಹಿತ್ತಲಲ್ಲೇ, ಕಡಿಮೆ ಖರ್ಚಲ್ಲಿ ಕೊಡತಿ ಮಾಡೋದು ಹೇಗೆ ಅಂತಲೂ ಹೇಳ್ತೀನಿ. ನಾನು ಬಡಗಿ ಅಲ್ಲ, ಓದಿದ್ದು ಬಿ.ಕಾಂ. ಹಾಗಾಗಿ ಕಲಿಯುವಾಗ ಮಾಡಿದ ತಪ್ಪುಗಳೆಲ್ಲ ಇನ್ನೂ ನೆನಪಲ್ಲಿವೆ. ಅವನ್ನೂ ಹೇಳ್ತೀನಿ, ನೀವು ಅದೇ ತಪ್ಪು ಮಾಡೋದು ಬೇಡ.

ಶುರುವಾಗಿದ್ದು ಒಂದು ಉಳಿಯಿಂದ

ನಮ್ಮೂರು ಉಬ್ರಾಣಿ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಕಾಡು, ಆ ಕಡೆ ಹೋದ್ರೆ ಭದ್ರಾವತಿ.

ಮನೆ ಹಿಂದಿನ ಕೊಟ್ಟಿಗೆ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಮುಚ್ಚೋಕೆ ಬರ್ತಿರಲಿಲ್ಲ. ಚೌಕಟ್ಟನ್ನ ಸ್ವಲ್ಪ ಕೆತ್ತಿದ್ರೆ ಸರಿ ಹೋಗುತ್ತೆ ಅನ್ಕೊಂಡು ಅಜ್ಜನ ಪೆಟ್ಟಿಗೆಯಿಂದ ಉಳಿ ತೆಗೆದೆ. ಅಜ್ಜ ಬಡಗಿ ಅಲ್ಲ, ರೈತ. ಆದ್ರೆ ಆ ಕಾಲದ ರೈತರ ಮನೆಯಲ್ಲಿ ಉಳಿ, ಬಾಚಿ, ಗರಗಸ, ಬೈರಿಗೆ ಇದ್ದೇ ಇರ್ತಿದ್ವು. ಕೈಗೆ ಸಿಕ್ಕಿದ ಕಬ್ಬಿಣದ ಸುತ್ತಿಗೆಯಿಂದ ಉಳಿಯ ಹಿಡಿ ಮೇಲೆ ನಾಲ್ಕು ಏಟು ಹಾಕಿದೆ. ಐದನೇ ಏಟಿಗೆ ಹಿಡಿ ಮೇಲಿಂದ ಕೆಳಗೆ ಸೀಳಿಹೋಯ್ತು. ನಲವತ್ತು ವರ್ಷ ಅಜ್ಜನ ಕೈಯಲ್ಲಿ ಉಳಿದಿದ್ದು ನನ್ನ ಕೈಯಲ್ಲಿ ಐದು ನಿಮಿಷ ಉಳಿಯಲಿಲ್ಲ.

ಊರಿನ ಬಡಗಿ ಆಚಾರ್ರ ಹತ್ತಿರ ತಗೊಂಡು ಹೋದೆ. ವಯಸ್ಸು ಎಪ್ಪತ್ತರ ಮೇಲೆ. ಹಿಡಿಯನ್ನ ತಿರುಗಿಸಿ ನೋಡಿದರು.

"ಯಾವುದ್ರಲ್ಲಿ ಹೊಡೆದ್ಯಪ್ಪ?"

"ಸುತ್ತಿಗೇಲಿ ಆಚಾರ್ರೇ."

"ಕಬ್ಬಿಣದ ತಲೆಗೆ ಕಬ್ಬಿಣ ಹೊಡಿ. ಮರದ ತಲೆಗೆ ಮರಾನೇ ಹೊಡೀಬೇಕು. ನಿಮ್ಮಜ್ಜನ ಕೊಡತಿ ಎಲ್ಲೈತೆ?"

ಕೊಡತಿ ಎಲ್ಲೂ ಇರಲಿಲ್ಲ. ಯಾವಾಗಲೋ ನೀರೊಲೆಗೆ ಹೋಗಿರಬೇಕು. "ಹಂಗಾದ್ರೆ ಒಂದು ಮಾಡ್ಕೊ. ಹೊಸ ಹಿಡಿ ನಾನು ಹಾಕಿಕೊಡ್ತೀನಿ, ಕೊಡತಿ ತಗೊಂಡು ಬಂದ ಮೇಲೆ" ಅಂದ್ರು. ಅಲ್ಲಿಗೆ ಮಾತು ಮುಗೀತು.

ಮನೆಗೆ ಬಂದ್ರೆ ಇನ್ನೊಂದು ಸುದ್ದಿ. ಹಿತ್ತಲಲ್ಲಿ ಬಿದ್ದಿದ್ದ ಅಜ್ಜನ ಎತ್ತಿನ ಗಾಡಿಯನ್ನ ಅಪ್ಪ ಸೌದೆ ಲೆಕ್ಕದಲ್ಲಿ ಖೇಣಿಯವರಿಗೆ ಮಾತಾಡಿ ಆಗಿತ್ತು. ನಮ್ಮ ಕಡೆ ಅಡಿಕೆ ಗೊತ್ತಿರೋರಿಗೆ ಇದು ಹೊಸದಲ್ಲ. ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸಬೇಕು, ಆಮೇಲೆ ಒಣಗಿಸಬೇಕು. ಸುಗ್ಗಿ ಬಂತು ಅಂದ್ರೆ ಆ ಒಲೆಗಳಿಗೆ ಎಷ್ಟು ಸೌದೆ ಹಾಕಿದ್ರೂ ಸಾಲದು. ಹಳೇ ಮನೆಯ ತೊಲೆ, ಜಂತೆ, ಮುರಿದ ಬಾಗಿಲು, ಗಾಡಿ, ನೊಗ, ಎಲ್ಲ ಅಲ್ಲಿಗೇ ಹೋಗುತ್ತೆ. ಸೋಮವಾರ ಟ್ರ್ಯಾಕ್ಟರ್ ಬರೋದಿತ್ತು, ನನ್ನ ಹತ್ತಿರ ಇದ್ದಿದ್ದು ಶನಿವಾರ ಮತ್ತು ಭಾನುವಾರ.

ಮರದ ಸುತ್ತಿಗೆ ಯಾಕೆ ಬೇಕು?

ಮೊದಲು ಇದನ್ನ ಅರ್ಥ ಮಾಡ್ಕೊಳ್ಳೋಣ. ಸುತ್ತಿಗೆ ಮೊಳೆ ಹೊಡೆಯೋಕೆ. ಮೊಳೆಯ ತಲೆ ಚಿಕ್ಕದು, ಗಟ್ಟಿ. ಅಲ್ಲಿ ಏಟು ಒಂದು ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಬೀಳಬೇಕು. ಉಳಿಯ ಹಿಡಿ ಹಾಗಲ್ಲ, ಅದು ಮರ. ಕಬ್ಬಿಣದ ಚಿಕ್ಕ ಮುಖ ಅದರ ಮೇಲೆ ಬಿದ್ದಾಗ ಬಲ ಎಲ್ಲ ನಾಣ್ಯದಷ್ಟು ಜಾಗದಲ್ಲಿ ಸೇರುತ್ತೆ. ಹಿಡಿಯ ತುದಿ ಅಣಬೆ ಥರ ಅರಳುತ್ತೆ, ಕೊನೆಗೆ ಸೀಳುತ್ತೆ.

ಕೊಡತಿಯ ಮುಖ ಅಗಲ, ಮೈ ಸ್ವಲ್ಪ ಮೆತ್ತಗೆ. ಅದು ಹಿಡಿಗೆ ತಾಗಿದಾಗ ಎರಡೂ ಮರ ಕಣ್ಣಿಗೆ ಕಾಣದಷ್ಟು ತಗ್ಗಿ ಮತ್ತೆ ಎದ್ದೇಳುತ್ತವೆ. ಹಾಗಾಗಿ ಅದೇ ಏಟು ಸ್ವಲ್ಪ ಹೆಚ್ಚು ಹೊತ್ತು ಹರಡಿಕೊಂಡು ಉಳಿಗೆ ಸಿಗುತ್ತೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ತೀವಲ್ಲ, ಅದೇ ಲೆಕ್ಕ. ಚೆಂಡು ನಿಲ್ಲೋಕೆ ಸಮಯ ಜಾಸ್ತಿ ಸಿಕ್ಕಿದ್ರೆ ಕೈಗೆ ಪೆಟ್ಟು ಕಡಿಮೆ. ಮಣಿಕಟ್ಟಿಗೂ ಜುಮ್ಮೆನ್ನಲ್ಲ.

ಇನ್ನೊಂದು ವಿಷಯ ಗುರಿ. ಉಳಿ ಕೆಲಸದಲ್ಲಿ ಕಣ್ಣು ಇರಬೇಕಾದ್ದು ಉಳಿಯ ಬಾಯಿ ಮೇಲೆ, ಹಿಡಿಯ ಮೇಲೆ ಅಲ್ಲ. ಆರೇಳು ಸೆಂಟಿಮೀಟರ್ ಅಗಲದ ಮುಖ ಇದ್ರೆ ನೋಡದೇ ಹೊಡೆದರೂ ತಪ್ಪಲ್ಲ. ಚಿಕ್ಕ ಸುತ್ತಿಗೆ ತಪ್ಪಿದ್ರೆ ಏಟು ಬೀಳೋದು ಹೆಬ್ಬೆರಳಿಗೆ.

ಕೊಡತಿ ಬಡಗಿಯ ಸ್ವತ್ತು ಮಾತ್ರ ಅಲ್ಲ. ಹುಣಸೆಹಣ್ಣು ಜಜ್ಜಿ ಬೀಜ ತೆಗೆಯೋಕೆ, ಹೊಲದಲ್ಲಿ ಹೆಂಟೆ ಒಡೆಯೋಕೆ, ಗೂಟ ಹೊಡೆಯೋಕೆ, ಎಲ್ಲಕ್ಕೂ ಬೇರೆ ಬೇರೆ ಅಳತೆಯ ಕೊಡತಿಗಳು ಮನೆಯಲ್ಲಿದ್ವು. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅಂಥ ಸೂಕ್ಷ್ಮ ಕೆತ್ತನೆಯಲ್ಲೂ ಉಳಿಯ ಹಿಂದೆ ಇರೋದು ಮರದ ಏಟೇ. ನಮ್ಮ ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಅವರದ್ದೇ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಹಾಗಾಗಿ ದೂರದವರೇನಲ್ಲ.

ಮರ ಎಲ್ಲಿಂದ ತರಬೇಕು? ಎಲ್ಲಿಂದ ತರಬಾರದು?

ಮೊದಲು ತರಬಾರದ್ದು ಹೇಳ್ತೀನಿ. ಕಾಡಿನ ಪಕ್ಕದ ಊರಲ್ಲಿರೋ ನಮ್ಮಂಥವರಿಗೆ ಇದು ತುಂಬಾ ಮುಖ್ಯ.

"ಬಿದ್ದಿರೋ ಮರ ತಾನೇ, ಒಣಗಿದ್ದು ತಾನೇ" ಅಂತ ಕಾಡಿಂದ ತರೋ ಹಾಗಿಲ್ಲ. ಮೀಸಲು ಅರಣ್ಯದಲ್ಲಿ ಬಿದ್ದ ಮರವೂ ಸರ್ಕಾರದ್ದೇ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅದು ಅಪರಾಧ, ಮರದ ಜೊತೆ ನಿಮ್ಮ ಬೈಕೂ ಜಪ್ತಿ ಆಗಬಹುದು. ಸ್ವಂತ ಜಮೀನಿನ ಮರ ಕಡಿಯೋಕೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಇದೆ. ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅನುಮತಿ ಬೇಕು. ತೇಗ, ಬೀಟೆ ಸಾಗಿಸೋದಾದ್ರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳದೇ ಗಾಡಿಗೆ ಹಾಕಬೇಡಿ. ಶ್ರೀಗಂಧದ ಹತ್ತಿರ ಹೋಗಲೇಬೇಡಿ. ಒಂದು ಕಾಲದಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆ ಉರಿದಿದ್ದೇ ಸುತ್ತಿನ ಕಾಡಿನ ಇದ್ದಿಲಿನಿಂದ. ಕಾಡು ಈಗಾಗಲೇ ಬೇಕಾದಷ್ಟು ಕೊಟ್ಟಿದೆ. ಒಂದು ಕೊಡತಿಗೆ ಅದನ್ನ ಮುಟ್ಟೋದು ಬೇಡ.

ಈಗ ತರಬಹುದಾದ ಜಾಗಗಳು.

ಒಂದು, ಎತ್ತಿನ ಗಾಡಿ, ನೇಗಿಲು, ನೊಗ, ಕುಂಟೆ. ಇವಕ್ಕೆ ಹಿಂದಿನವರು ಹಾಕ್ತಿದ್ದಿದ್ದೇ ಏಟು ತಡೆಯುವ ಮರ. ನಮ್ಮ ಬಯಲುಸೀಮೆ ಕಡೆ ಹೆಚ್ಚಾಗಿ ಕರಿಜಾಲಿ.

ಎರಡು, ಕೆಡವಿದ ಹಳೇ ಮನೆ. ತೊಲೆ, ಜಂತೆ, ಕಂಬ, ಹೊಸ್ತಿಲು. ತೇಗ, ಮತ್ತಿ, ಹೊನ್ನೆ, ಹಲಸು, ಬೇವು, ಏನು ಬೇಕಾದ್ರೂ ಇರಬಹುದು. ಮನೆಯವರನ್ನ ಕೇಳಿ, ಯಾರ ಮನೆಯ ಮರ ಅನ್ನೋದು ನಾಲ್ಕು ಜನಕ್ಕೆ ಗೊತ್ತಿರಲಿ.

ಮೂರು, ಸಾಮಿಲ್ ಮತ್ತು ಪೀಠೋಪಕರಣ ಅಂಗಡಿಯ ತುಂಡುಗಳು. ಒಂದು ಗೇಣು ಉದ್ದದ ತುಂಡು ಅವರಿಗೆ ಕಸ, ನಮಗೆ ಒಂದು ಕೊಡತಿಯ ತಲೆ.

ನಾಲ್ಕು, ಕಾರ್ಖಾನೆಗೆ ಸಾಮಾನು ಬರುವ ಪ್ಯಾಲೆಟ್. ವಿದೇಶದಿಂದ ಬಂದ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತೆ. ಅದರಲ್ಲಿ ಎಚ್.ಟಿ. ಅಂತ ಇದ್ರೆ ಬಿಸಿ ಮಾಡಿ ಹುಳ ಕೊಂದಿದ್ದು, ಬಳಸಬಹುದು. ಎಂ.ಬಿ. ಅಂತ ಇದ್ರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು, ಬೇಡ. ಆದ್ರೆ ಪ್ಯಾಲೆಟ್ ಬಹುತೇಕ ಹಗುರ ಪೈನ್ ಮರ. ಕೊಡತಿ ತಲೆಗೆ ಅದು ಎರಡನೇ ಆಯ್ಕೆ ಅಷ್ಟೇ.

ಹಳೇ ರೈಲ್ವೆ ಸ್ಲೀಪರ್ ಸಿಕ್ಕಿದ್ರೂ ಬಿಟ್ಟುಬಿಡಿ. ಅದಕ್ಕೆ ಹುಳ ಹಿಡಿಯದ ಹಾಗೆ ಟಾರಿನಂಥ ಎಣ್ಣೆ ಕುಡಿಸಿರ್ತಾರೆ. ಕುಯ್ದರೆ ಆ ಪುಡಿ ನಿಮ್ಮ ಮೂಗಿಗೆ ಮತ್ತು ಚರ್ಮಕ್ಕೆ ಹೋಗುತ್ತೆ.

ಹಳೇ ಮರದ ದೊಡ್ಡ ಲಾಭ ಏನು ಗೊತ್ತಾ? ಅದು ಒಣಗಿ ಮುಗಿದಿದೆ. ಹಸಿ ಮರ ಒಣಗೋಕೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಅಂದಾಜು ಲೆಕ್ಕ ಇದೆ. ಎರಡೂವರೆ ಇಂಚಿನ ತಲೆಗೆ ಎರಡೂವರೆ ವರ್ಷ ಕಾಯಬೇಕು. ಅಜ್ಜನ ಗಾಡಿ ಆ ಕಾಯುವ ಕೆಲಸ ನಾನು ಹುಟ್ಟೋಕೆ ಮುಂಚೆನೇ ಮುಗಿಸಿತ್ತು.

ತೂಕದ ಲೆಕ್ಕ

ಬಡಗಿ ಕೆಲಸಕ್ಕೆ ಕೊಡತಿಯ ತಲೆ ಅರ್ಧ ಕೆಜಿ ಆಸುಪಾಸು ಇದ್ರೆ ಸರಿ. ಅದಕ್ಕಿಂತ ಹಗುರ ಆದ್ರೆ ಹತ್ತು ಏಟು ಬೇಕಾದಲ್ಲಿ ಇಪ್ಪತ್ತು ಹೊಡೀಬೇಕು. ತುಂಬಾ ಭಾರ ಆದ್ರೆ ಅರ್ಧ ಗಂಟೆಗೆ ಭುಜ ಬಿದ್ದುಹೋಗುತ್ತೆ. ಮರ ಕುಯ್ಯೋಕೆ ಮುಂಚೆನೇ ತೂಕ ತಿಳ್ಕೊಳ್ಳೋಕೆ ಒಂದು ಸುಲಭ ಲೆಕ್ಕ ಇದೆ.

ತಲೆಯ ಅಳತೆ 14 ಸೆಂ.ಮೀ. ಉದ್ದ, 9 ಎತ್ತರ, ಆರೂವರೆ ದಪ್ಪ ಅಂತ ಇಟ್ಕೊಳ್ಳಿ. ಮೂರನ್ನೂ ಗುಣಿಸಿದ್ರೆ ಸುಮಾರು 820. ಇಷ್ಟು ಜಾಗದಲ್ಲಿ ನೀರಿದ್ದಿದ್ರೆ 820 ಗ್ರಾಂ ತೂಗ್ತಿತ್ತು. ಒಣಗಿದ ತೇಗ ನೀರಿನ ತೂಕದ ಸುಮಾರು 65 ಪರ್ಸೆಂಟ್, ಅಂದ್ರೆ 530 ಗ್ರಾಂ. ಜಾಲಿ ಸುಮಾರು 80 ಪರ್ಸೆಂಟ್, 655 ಗ್ರಾಂ. ಹುಣಸೆ ಇನ್ನೂ ಭಾರ, 90 ಹತ್ತಿರ, 740 ಗ್ರಾಂ. ಹಿಡಿ ತೂತು ತೆಗೆದು, ಮುಖ ಓರೆ ಮಾಡಿದಾಗ ಇದರಲ್ಲಿ ಹೆಚ್ಚು ಕಡಿಮೆ ಆರನೇ ಒಂದು ಭಾಗ ಹೋಗುತ್ತೆ. ಜಾಲಿಯಲ್ಲಿ 550 ಉಳಿಯುತ್ತೆ. ಹುಣಸೆ ಆದ್ರೆ ಅಳತೆ ಸ್ವಲ್ಪ ಚಿಕ್ಕದು ಮಾಡಿ. ತೇಗ ಬಾಗಿಲಿಗೆ ರಾಜ, ಕೊಡತಿಗೆ ಅಷ್ಟೇನಲ್ಲ. ಹಗುರ, ಏಟಿಗೆ ಬೇಗ ಚಕ್ಕೆ ಏಳುತ್ತೆ.

ಕುಯ್ಯುವ ಮುಂಚೆ ನಾಲ್ಕು ಪರೀಕ್ಷೆ

ಮೊಳೆ: ಹಳೇ ಸ್ಪೀಕರ್ ಒಡೆದ್ರೆ ಒಳಗೆ ಮ್ಯಾಗ್ನೆಟ್ ಸಿಗುತ್ತೆ. ಅದನ್ನ ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಓಡಿಸಿ. ಒಳಗೆ ಮೊಳೆ ಇದ್ರೆ ದಾರ ವಾಲುತ್ತೆ. ಮೊಳೆ ಮೇಲೆ ಗರಗಸ ಹೋದ್ರೆ ಹಲ್ಲು ಹೋಗುತ್ತೆ, ಪವರ್ ಕಟರ್ ಆದ್ರೆ ಕಣ್ಣೇ ಹೋಗಬಹುದು.

ಕುಟ್ಟೆ: ಚಿಕ್ಕ ಚಿಕ್ಕ ತೂತು, ತಟ್ಟಿದ್ರೆ ಹಿಟ್ಟಿನಂಥ ಪುಡಿ ಉದುರಿದ್ರೆ ಒಳಗೆ ಹುಳ ಇದೆ. ಅದು ಒಲೆಗೇ ಹೋಗಲಿ.

ಬಿರುಕು: ಎರಡೂ ತುದಿಗೆ ನೀರು ಸವರಿ ಒಂದು ನಿಮಿಷ ಬಿಡಿ. ಮೇಲ್ಮೈ ಒಣಗುವಾಗ ಬಿರುಕಿನಲ್ಲಿ ನೀರು ಉಳಿದು ಕಪ್ಪು ಗೆರೆ ಕಾಣುತ್ತೆ. ಗೆರೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕತ್ತರಿಸಿ ಬಿಸಾಕಿ.

ಬಣ್ಣ: ಭಾರತದಲ್ಲಿ ಮನೆ ಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿಯ ಪೇಂಟ್‌ನಲ್ಲಿ ಸೀಸ ಇರಬಹುದು ಅಂತಲೇ ತಿಳ್ಕೊಳ್ಳಿ. ಒಣದಾಗಿ ಉಜ್ಜಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ರಂತೂ ಬಣ್ಣದ ಮರವನ್ನೇ ಬಿಟ್ಟುಬಿಡಿ.

ಮಾಸ್ಕ್ ಬಗ್ಗೆ ಒಂದು ಮಾತು. ಮರದ ಪುಡಿ ಸಹಜ ವಸ್ತು ಅಲ್ವಾ, ಏನಾಗುತ್ತೆ ಅನ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಲ್ಲೇ ಇಟ್ಟಿದೆ. ಕೊರೋನಾ ಕಾಲದ ಎನ್-95 ಮಾಸ್ಕ್ ಮನೆಯಲ್ಲಿದ್ರೆ ಹಾಕ್ಕೊಳ್ಳಿ.

ಗಾಡಿ ಬಿಚ್ಚಿದಾಗ ಕಂಡಿದ್ದು

ಶನಿವಾರ ಬೆಳಿಗ್ಗೆ ನಾನು ಕಣ್ಣಿಟ್ಟಿದ್ದು ಗಾಲಿಯ ಗುಂಬದ ಮೇಲೆ. ಅದೇ, ಗಾಲಿಯ ನಡುವಿನ ದಪ್ಪ ಉಂಡೆ. ಇಡೀ ಗಾಡಿಯಲ್ಲಿ ಅದಕ್ಕಿಂತ ಗಟ್ಟಿ ಮರ ಇಲ್ಲ. ಒಂದು ಗುಂಬಕ್ಕೆ ಎರಡು ಕೊಡತಿ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದೆ.

ಎರಡು ಗಂಟೆ ಕೈ ಗರಗಸದಲ್ಲಿ ಕುಯ್ದ ಮೇಲೆ ಗೊತ್ತಾಯ್ತು. ನಡುವೆ ಅಚ್ಚಿನ ತೂತು, ಸುತ್ತ ಅರೆಗಳು ಕೂರುವ ತೂತುಗಳು. ಒಂದು ಕೊಡತಿಗೆ ಆಗುವಷ್ಟು ಇಡಿಯಾದ ಮರ ಎಲ್ಲೂ ಇಲ್ಲ. ಹೊರಗಿಂದ ಇಡೀ ಉಂಡೆ, ಒಳಗೆ ಬರೀ ಕಿಟಕಿ. ಒಂದು ಗುಂಬ ಹಾಳಾಯ್ತು.

ಸಂಜೆ ಆಚಾರ್ರು ಆ ಕಡೆ ಹೋಗ್ತಾ ನಿಂತು ನೋಡಿದ್ರು. "ಗುಂಬ ಯಾಕಪ್ಪ ಕುಯ್ದೆ? ಅಚ್ಚು ಹೊತ್ತಿರೋ ತೊಲೆ ನೋಡು" ಅಂದ್ರು. ಗಾಡಿಯ ಅಡಿಯಲ್ಲಿ ಕಬ್ಬಿಣದ ಅಚ್ಚನ್ನ ಹೊತ್ತು ಅಡ್ಡ ಕೂತಿರುತ್ತಲ್ಲ, ಆ ದಪ್ಪ ಚೌಕದ ಮರ. ಇಡೀ ಗಾಡಿಯ ಭಾರ ಹೊತ್ತಿದ್ದು ಅದೇ. ಬಿಚ್ಚಿ ಮೇಲಿನ ಕೊಳೆ ಕೆರೆದಾಗ ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣ. ಜಾಲಿಯ ಚೇಗು. ಬಿರುಕು ಇದ್ದ ತುದಿಗಳನ್ನ ಬಿಟ್ಟರೂ ನಾಲ್ಕು ತಲೆಗೆ ಸಾಕಾಗುವಷ್ಟಿತ್ತು. ಹಿಡಿಗೆ ಅರೆಗಳು. ನಾರು ನೇರವಾಗಿರೋ ಮರವನ್ನೇ ಆರಿಸಿ ಅರೆ ಮಾಡ್ತಾರೆ, ಕೊಡತಿ ಹಿಡಿಗೂ ಬೇಕಾಗಿರೋದು ಅದೇ.

ಮಾಡುವ ಕ್ರಮ

ಬೇಕಾಗೋ ಸಾಮಾನು: ಕೈ ಗರಗಸ, ಒಂದು ಉಳಿ, ಬೈರಿಗೆ ಅಥವಾ ಡ್ರಿಲ್, ಮೂಲೆಮಟ್ಟ, ಪೆನ್ಸಿಲ್, ಉಪ್ಪುಕಾಗದ. ಕೊಡತಿ ಮಾಡೋಕೆ ಉಳಿ ಹೊಡೀಬೇಕು, ಉಳಿ ಹೊಡೆಯೋಕೆ ಕೊಡತಿ ಬೇಕು. ಅಲ್ಲಿಯವರೆಗೆ ಒಂದು ದಪ್ಪ ಸೌದೆ ತುಂಡೇ ಕೊಡತಿ!

ಮೊದಲನೇದು, ನಾರಿನ ದಿಕ್ಕು. ತಲೆಯ ಉದ್ದಕ್ಕೇ ನಾರು ಓಡಬೇಕು. ಆಗ ಏಟು ಬೀಳುವ ಎರಡೂ ಮುಖ ನಾರಿನ ತುದಿ ಆಗುತ್ತೆ. ಪೊರಕೆ ಕಡ್ಡಿಗಳ ಕಟ್ಟನ್ನ ತುದಿಯಿಂದ ನೆಲಕ್ಕೆ ಕುಟ್ಟಿದ್ರೆ ಏನೂ ಆಗಲ್ಲ, ಅಡ್ಡ ಮಲಗಿಸಿ ಹೊಡೆದ್ರೆ ಬಿಚ್ಚಿಕೊಳ್ಳುತ್ತೆ. ಹಾಗೆ.

ಎರಡನೇದು, ಹಿಡಿಯ ತೂತು. ಮುಖ ಓರೆ ಮಾಡೋಕೆ ಮುಂಚೆ, ತಲೆ ಇನ್ನೂ ಚೌಕ ಇರುವಾಗಲೇ ತೂತು ತೆಗೀರಿ. ಆಗ ಮೂಲೆಮಟ್ಟ ಸರಿಯಾಗಿ ಕೂರುತ್ತೆ. ತೂತು ಎರಡೂವರೆ ಸೆಂ.ಮೀ. ಅಗಲ. ಉದ್ದ ಮಾತ್ರ ಮೇಲೆ 4 ಸೆಂ.ಮೀ., ಕೆಳಗೆ 3.4. ಅಂದ್ರೆ ಮೇಲಿಂದ ಕೆಳಗೆ ಸ್ವಲ್ಪ ಕಿರಿದಾಗ್ತಾ ಹೋಗಬೇಕು. ಮೊದಲು ಬೈರಿಗೆಯಿಂದ ಸಾಲಾಗಿ ತೂತು ಹೊಡೀರಿ. ಮೇಲಿಂದ ಅರ್ಧ, ಕೆಳಗಿಂದ ಅರ್ಧ, ಒಂದೇ ಕಡೆಯಿಂದ ಪೂರ್ತಿ ಹೊಡೆದ್ರೆ ಆ ಕಡೆ ಚಕ್ಕೆ ಹಾರುತ್ತೆ. ಆಮೇಲೆ ಉಳಿಯಿಂದ ಗೋಡೆ ಸವರಿ.

ಮೂರನೇದು, ಹಿಡಿ. ಒಟ್ಟು 32 ಸೆಂ.ಮೀ. ಉದ್ದ. ತಲೆಯೊಳಗೆ ಕೂರುವ ಭಾಗ ತೂತಿನ ಹಾಗೇ ಮೇಲೆ ಅಗಲ, ಕೆಳಗೆ ಕಿರಿದು. ಕೈ ಹಿಡಿಯುವ ಭಾಗ 3 ಸೆಂ.ಮೀ.ಗೆ ಎರಡೂವರೆ, ಮೂಲೆ ಸವೆಸಿ ಮೊಟ್ಟೆಯಾಕಾರ. ಪೂರ್ತಿ ದುಂಡಗೆ ಮಾಡಬೇಡಿ, ಕೈಯಲ್ಲಿ ತಿರುಗುತ್ತೆ. ಹಿಡಿಯನ್ನ ಮೇಲಿಂದ ಇಳಿಸಬೇಕು, ಗುದ್ದಲಿಗೆ ಕಾವು ಹಾಕ್ತೀವಲ್ಲ ಹಾಗೆ. ಬೀಸಿದಷ್ಟೂ ತಲೆ ಹೊರಕ್ಕೆ ಹೋಗೋಕೆ ನೋಡುತ್ತೆ, ಹಿಡಿಯ ಅಗಲದ ತುದಿ ತಡೆಯುತ್ತೆ, ಇನ್ನೂ ಬಿಗಿಯಾಗುತ್ತೆ. ಮೊಳೆ ಬೇಡ, ಅಂಟೂ ಬೇಡ. ಬೇಸಿಗೆಯಲ್ಲಿ ಮರ ಕುಗ್ಗಿ ಸಡಿಲ ಆದ್ರೆ ಹಿಡಿಯ ತಲೆಗೆ ಒಂದು ತಟ್ಟು, ಸರಿ ಹೋಯ್ತು.

ಇಲ್ಲೇ ನನ್ನ ದೊಡ್ಡ ತಪ್ಪು. ಮೊದಲನೇ ಕೊಡತಿಯಲ್ಲಿ ಆ ಓರೆಯನ್ನ ಉದ್ದದ ಕಡೆ ಕೊಡೋ ಬದಲು ದಪ್ಪದ ಕಡೆ ಕೊಟ್ಟಿದ್ದೆ. ಹಿಡಿ ಬಿಗಿಯಾಗಲಿ ಅಂತ ಮೂರು ಏಟು ಹಾಕಿದೆ, ತಲೆ ಎರಡು ಹೋಳಾಯ್ತು. ಯಾಕೆ ಅಂದ್ರೆ, ದಪ್ಪದ ಕಡೆ ಓರೆ ಇದ್ರೆ ಹಿಡಿ ಬೆಣೆಯಂತೆ ಕೆಲಸ ಮಾಡಿ ನಾರುಗಳನ್ನ ಅಕ್ಕಪಕ್ಕಕ್ಕೆ ತಳ್ಳುತ್ತೆ. ಸೌದೆ ಸೀಳೋದು ಹೀಗೇ ತಾನೆ? ಉದ್ದದ ಕಡೆ ಓರೆ ಇದ್ರೆ ಒತ್ತಡ ನಾರಿನ ತುದಿಗೆ ಬೀಳುತ್ತೆ, ಅಲ್ಲಿ ಮರ ಬಗ್ಗಲ್ಲ. ಈ ಒಂದು ಮಾತು ನೆನಪಿಟ್ಕೊಂಡ್ರೆ ಈ ಸಂಚಿಕೆ ಕೇಳಿದ್ದಕ್ಕೆ ಸಾರ್ಥಕ.

ನಾಲ್ಕನೇದು, ಮುಖದ ಓರೆ. ಕೊಡತಿ ನೇರವಾಗಿ ಕೆಳಗೆ ಬೀಳಲ್ಲ, ಮೊಣಕೈಯನ್ನ ಕೇಂದ್ರ ಮಾಡ್ಕೊಂಡು ಕಮಾನಿನಲ್ಲಿ ಬರುತ್ತೆ. ಮುಖ ಹಿಡಿಗೆ ಸಮಾನಾಂತರ ಇದ್ರೆ ಉಳಿಗೆ ಮೊದಲು ತಾಗೋದು ಒಂದು ಅಂಚು ಮಾತ್ರ. ಅದಕ್ಕೆ ತಲೆ ಮೇಲೆ 14 ಸೆಂ.ಮೀ. ಇದ್ರೆ ಕೆಳಗೆ ಸುಮಾರು 12 ಇರಬೇಕು, ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳಕ್ಕೆ. ಆಗ ಎರಡೂ ಮುಖದ ಗೆರೆಗಳನ್ನ ಕೆಳಗೆ ಎಳೆದ್ರೆ ಹೆಚ್ಚು ಕಡಿಮೆ ನಿಮ್ಮ ಮೊಣಕೈ ಹತ್ತಿರ ಸೇರುತ್ತೆ.

ಐದನೇದು, ಎಲ್ಲ ಅಂಚುಗಳನ್ನೂ ಮೂರ್ನಾಲ್ಕು ಮಿಲಿಮೀಟರ್ ಸವೆಸಿ. ಚೂಪು ಅಂಚು ಬಿಟ್ರೆ ಮೊದಲ ದಿನವೇ ಚಕ್ಕೆ ಏಳುತ್ತೆ. ಕೊನೆಗೆ ಅಗಸೆ ಎಣ್ಣೆ ಸವರಿ. ಹರಳೆಣ್ಣೆ, ಹೊಂಗೆ ಎಣ್ಣೆ ಒಣಗಲ್ಲ, ಜಿಡ್ಡು ಹಾಗೇ ಇರುತ್ತೆ. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತೆ. ಮುಖಕ್ಕೆ ಮಾತ್ರ ವಾರ್ನಿಷ್ ಬೇಡ, ಉಳಿ ಜಾರುತ್ತೆ. ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ.

ಇದರಲ್ಲಿ ದುಡ್ಡಿದೆಯಾ?

ಬಿ.ಕಾಂ. ಓದಿದವನು ಈ ಪ್ರಶ್ನೆ ಕೇಳದೇ ಸಂಚಿಕೆ ಮುಗಿಸಿದ್ರೆ ನಮ್ಮ ಮೇಷ್ಟ್ರು ಬೈತಾರೆ.

ಮರ ಪುಕ್ಕಟೆ. ಎಣ್ಣೆ, ಉಪ್ಪುಕಾಗದ ಸೇರಿ ಒಂದು ಕೊಡತಿಗೆ ನನಗೆ ಬಿದ್ದಿದ್ದು 40 ರೂಪಾಯಿ. ಮೂರನೇ ಕೊಡತಿಯನ್ನ ಸ್ನೇಹಿತನೊಬ್ಬ 450 ಕೊಟ್ಟು ತಗೊಂಡ. 410 ಲಾಭ ಅಂತ ಕುಣಿದೆ. ಆಮೇಲೆ ಪುಸ್ತಕ ತೆಗೆದು ಬರೆದೆ. ಮರ ಬಿಚ್ಚೋದು, ಮೊಳೆ ಹುಡುಕೋದು, ಕುಯ್ಯೋದು, ತೂತು, ಹಿಡಿ, ಎಲ್ಲ ಸೇರಿ ಏಳು ಗಂಟೆ. ಗಂಟೆಗೆ 60 ರೂಪಾಯಿನೂ ಬೀಳಲಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯೋಕೆ ಹೋದ್ರೆ ಇದಕ್ಕಿಂತ ಚೆನ್ನಾಗಿ ಸಿಗುತ್ತೆ. ನಮ್ಮ ಕೂಲಿಯನ್ನ ಖರ್ಚಲ್ಲಿ ಹಿಡಿಯದೇ ಉಳಿದಿದ್ದನ್ನ ಲಾಭ ಅನ್ನೋದು ನಮಗೆ ನಾವೇ ಹಾಕ್ಕೊಳ್ಳೋ ಟೋಪಿ. ಕೈ ಪಳಗಿದ ಮೇಲೆ ಈಗ ಮೂರು ಗಂಟೆಗೆ ಬಂದಿದ್ದೀನಿ. ಆದ್ರೂ ಕೆಲಸ ಬಿಟ್ಟು ಕೊಡತಿ ಮಾಡಿ ಅಂತ ನಾನು ಯಾರಿಗೂ ಹೇಳಲ್ಲ.

ಆದ್ರೆ ಇದು ಮನೆತನದ ಕಸುಬಾಗಿ ಇರೋರಿಗೆ ಬೇರೆ ಲೆಕ್ಕ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾರೆ, ಕಮ್ಮಾರ ಇದ್ದಾರೆ, ಅದರ ಜೊತೆ ಸುತ್ತಿಗೆ ಮತ್ತು ಉಪಕರಣ ತಯಾರಕರು ಅಂತ ಬೇರೆಯೇ ಒಂದು ವಿಭಾಗ ಇದೆ! ತರಬೇತಿ ದಿನಗಳಿಗೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಮೊದಲು 1 ಲಕ್ಷ ಆಮೇಲೆ 2 ಲಕ್ಷದವರೆಗೆ ಶೇಕಡ 5 ಬಡ್ಡಿಯಲ್ಲಿ ಸಾಲ. 18 ವರ್ಷ ತುಂಬಿರಬೇಕು, ಆ ಕಸುಬು ನಿಜವಾಗಿ ಮಾಡ್ತಿರಬೇಕು, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ನಿಮ್ಮ ಓಣಿಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಬಡಗಿ ಇದ್ರೆ ಅವರನ್ನ ಕಾಮನ್ ಸರ್ವಿಸ್ ಸೆಂಟರ್‌ಗೆ ಕರ್ಕೊಂಡು ಹೋಗಿ. ನಾನು ಆಚಾರ್ರನ್ನ ಕೇಳಿದೆ. "ನನಗ್ಯಾಕಪ್ಪ ಈಗ, ನನ್ನ ಮೊಮ್ಮಗನ್ನ ಕೇಳು" ಅಂದ್ರು. ಮೊಮ್ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದೆ. "ನೋಡಣ ಅಣ್ಣ" ಅಂದ. ಅಷ್ಟೇ ಸದ್ಯಕ್ಕೆ.

ಗಾಡಿ ಏನಾಯ್ತು?

ಸೋಮವಾರ ಟ್ರ್ಯಾಕ್ಟರ್ ಬಂತು. ಅಪ್ಪ ಮಾತು ಕೊಟ್ಟಾಗಿತ್ತು, ತಪ್ಪೋಕೆ ಆಗಲ್ಲ. ಅಚ್ಚಿನ ತೊಲೆ, ಹನ್ನೆರಡು ಅರೆ, ನೊಗ, ಇಷ್ಟು ಇಳಿಸ್ಕೊಂಡೆ. ಉಳಿದಿದ್ದು ಖೇಣಿ ಮನೆಗೆ ಹೋಯ್ತು. ಟ್ರ್ಯಾಕ್ಟರ್‌ನವನು "ತೂಕ ಕಮ್ಮಿ ಆತಲ್ಲ ಯಜಮಾನ್ರೇ" ಅಂತ ದುಡ್ಡು ಮುರ್ಕೊಂಡ. ಅಪ್ಪ ನನ್ನ ಕಡೆ ನೋಡಿದ್ರು, ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಆ ಗಾಡಿಯಲ್ಲಿ ಅಜ್ಜ ಚನ್ನಗಿರಿ ಸಂತೆಗೆ ಹೋಗ್ತಿದ್ದ ಕತೆ ಹೇಳಿದ್ರು. ನಾನು ಅದನ್ನ ಅಲ್ಲಿಯವರೆಗೆ ಕೇಳಿರಲಿಲ್ಲ.

ಎರಡನೇ ಕೊಡತಿ ಸೀಳಲಿಲ್ಲ. ತಗೊಂಡು ಹೋಗಿ ಆಚಾರ್ರ ಕೈಗೆ ಕೊಟ್ಟೆ. ಕೈಯಲ್ಲಿ ತೂಗಿ ನೋಡಿದ್ರು, ಉಳಿ ತಗೊಂಡು ಒಂದು ಹಲಗೆಗೆ ಐದಾರು ಏಟು ಹಾಕಿದ್ರು. ನೀವು ಶುರುವಲ್ಲಿ ಕೇಳಿದ ಎರಡನೇ ಸದ್ದು ಅದೇ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ.

"ಹಿಡಿ ಒಂದು ಬೆರಳು ಉದ್ದ ಆತು. ನಡೀತೈತೆ" ಅಂದ್ರು. ಆಮೇಲೆ ಒಳಗೆ ಹೋಗಿ ಅಜ್ಜನ ಉಳಿ ತಂದ್ರು. ಹೊಸ ಹಿಡಿ ಆಗಲೇ ಹಾಕಿ ಇಟ್ಟಿದ್ರು.

ಇವತ್ತಿಗೆ ಇಷ್ಟು. ನಿಮ್ಮ ಅಟ್ಟದ ಮೇಲೆ, ಹಿತ್ತಲಲ್ಲಿ ಇಂಥ ಹಳೇ ಮರ, ಹಳೇ ಸಲಕರಣೆ ಏನಿದೆ ನೋಡಿ. ಒಲೆಗೆ ಹಾಕೋಕೆ ಮುಂಚೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ, ಅದು ಯಾವ ಮರ, ಯಾವ ಕೆಲಸಕ್ಕೆ ಅಂತ. ಉತ್ತರವನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.